ಹೊಲ ತಿಂದ ಅಜ್ಜ

(ರಾಜ್ಯೋತ್ಸವ ಸಮಾರಂಭದ ಅಂಗವಾಗಿ ಕೋಪರಖೈರಣೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ಪುಲಿಕೇಶಿಯ, ಕೃಷ್ಣದೇವರಾಯನ ಗುಣಗಾನವನ್ನು ಕೇಳುವುದು ನಮಗೆಲ್ಲ ರೂಢಿಯಾಗಿದೆ. ಅದು ಆಗಬೇಕಾದದ್ದೇ. ಆದರೆ ಬಿ.ಕಾಂ. ವರೆಗೆ ಓದಿ ಬ್ಯಾಂಕಿನಲ್ಲಿ ಕಾರಕೂನಿಕೆ ಮಾಡುವ ನನ್ನಂಥವನು ಅರಸರ ಇತಿಹಾಸವನ್ನು ಹೇಳಹೊರಟರೆ ತಾವು ನಕ್ಕೀರಿ. ಆದ್ದರಿಂದ ಸಂಘದ ಕಾರ್ಯದರ್ಶಿಗಳು 'ನೀವೂ ಹತ್ತು ಮಾತು ಆಡಿರಿ' ಎಂದಾಗ, ಕಿರೀಟವಿಲ್ಲದ ಒಬ್ಬ ರೈತನ ಇತಿಹಾಸವನ್ನು ತಮ್ಮ ಮುಂದಿಡಲು ಒಪ್ಪಿಕೊಂಡೆ. ಇತಿಹಾಸಕಾರರು ಇವನ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ಆದರೂ ಇವನ ಬಾಳನ್ನು ಕಾಗದಗಳಿಂದ ಎತ್ತಿ ತೋರಿಸಲು ಬರುತ್ತದೆ. ಇದೇ ಸೋಜಿಗ ನನ್ನನ್ನು ನಾಲ್ಕು ವರ್ಷ ಓಡಾಡಿಸಿತು.

ಈತ ನನ್ನ ಮುತ್ತಜ್ಜನ ಅಜ್ಜ. ಊರು ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ಒಂದು ಎರೆಹೊಲದ ಹಳ್ಳಿ. ಆತನ ಹೆಸರನ್ನು ಹೇಳಿ ತಮ್ಮ ಸಮಯ ಕಳೆಯುವುದಿಲ್ಲ. ಅದು ನಮ್ಮ ಮನೆಯವರಿಗಷ್ಟೇ ಬೇಕಾದ ಮಾತು. ನಿಜ ಹೇಳಬೇಕೆಂದರೆ ಮನೆಯಲ್ಲಿ ಕೂಡ ಆ ಹೆಸರು ಉಳಿದಿರಲಿಲ್ಲ. ಉಳಿದದ್ದು 'ಹೊಲ ತಿಂದ ಅಜ್ಜ' ಎಂಬ ಅಡ್ಡಹೆಸರು ಮಾತ್ರ. "ಆ ಮುದುಕ ಹೊಲಾ ತಿಂದು ಕುಂತಾ, ಅದಕ್ಕ ನಾವು ಊರು ಬಿಟ್ಟು ಮುಂಬೈ ಕಾಣೂ ಹಾಂಗಾತು" ಎಂದು ನಮ್ಮಜ್ಜಿ ಗೊಣಗುತ್ತಿದ್ದಳು. ಜೂಜಾಡಿ ಕಳೆದನೆಂದು ಕೆಲವರು, ಬಯಲಾಟದ ಗೀಳಿನಲ್ಲಿ ಕಳೆದನೆಂದು ಕೆಲವರು ಹೇಳುತ್ತಿದ್ದರು. ಹೀಗೆ ಐದು ತಲೆಮಾರು ಒಬ್ಬ ಮನುಷ್ಯನನ್ನು ಮನೆತನ ಮುಳುಗಿಸಿದವನೆಂದೇ ನೆನೆಯುತ್ತ ಬಂದಿದ್ದವು.

ನಾಲ್ಕು ವರ್ಷಗಳ ಹಿಂದೆ ಊರಿನ ಹೊಲಕ್ಕೆ ವಾರಸಾ ಹಚ್ಚಿಸುವ ಕೆಲಸ ಬಂದಿತು. ಅದಕ್ಕೆ ವಂಶಾವಳಿ ಬೇಕಾಯಿತು. ದೊಡ್ಡಪ್ಪ, "ಹೆಳವ ಬರ್ತಾನ, ಅವನ್ನ ಕೇಳೋಣು" ಎಂದರು.

ಉತ್ತರ ಕರ್ನಾಟಕದ ಕಡೆಯಿಂದ ಬಂದ ಹಿರಿಯರಿಗೆ ಹೆಳವರ ಪರಿಚಯ ಮಾಡಿಕೊಡಬೇಕಾಗಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗಾಗಿ ಎರಡು ಮಾತು ಹೇಳುತ್ತೇನೆ. ಮನೆಮನೆಯ ವಂಶಾವಳಿಯನ್ನು ಕಾಯುವುದು, ಹಾಡಿ ಹೇಳುವುದು ಇವರ ಕುಲವೃತ್ತಿ. ಹೆಳವ ಎಂದರೆ ಕಾಲಿಲ್ಲದವನು. ಇವರ ಮೂಲಪುರುಷನು ಕುಂಟನಾಗಿದ್ದು ಎತ್ತಿನ ಮೇಲೆ ಕುಳಿತು ಸಂಚರಿಸುತ್ತಿದ್ದನೆಂಬುದು ಅವರ ಐತಿಹ್ಯ. ಒಂದೊಂದು ಹೆಳವ ಮನೆತನಕ್ಕೆ ಇಂತಿಷ್ಟು ಹಳ್ಳಿಗಳೆಂದು ಹಂಚಿಕೆಯಾಗಿರುತ್ತದೆ. ಸುಗ್ಗಿಯ ಮೇಲೆ, ಕೆಲವು ವರ್ಷಗಳಿಗೊಮ್ಮೆ ಬಂದು, ಅಂಗಳದಲ್ಲಿ ನಿಂತು ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಪುಸ್ತಕಕ್ಕೆ ಏರಿಸಿಕೊಳ್ಳುತ್ತಾರೆ. ಜೋಳ, ಬಟ್ಟೆ, ದುಡ್ಡು ಪಡೆದು ಮುಂದಿನ ಮನೆಗೆ ಹೋಗುತ್ತಾರೆ.

ನಮ್ಮ ಮನೆಯ ಹೆಳವನು ಪುಸ್ತಕ ಬಿಚ್ಚಿ, ಹೊಲ ತಿಂದ ಅಜ್ಜನ ನಿಜವಾದ ಹೆಸರು, ಆತನ ತಂದೆಯ ಹೆಸರು, ಅಣ್ಣತಮ್ಮಂದಿರ ಹೆಸರು, ಐವರು ಗಂಡುಮಕ್ಕಳ ಹೆಸರು ಹೇಳಿದನು. ಐವರಲ್ಲಿ ಇಬ್ಬರಿಗೆ ಮಾತ್ರ ಮುಂದೆ ಎಳೆ ಇತ್ತು. ಉಳಿದ ಮೂವರ ಹೆಸರು ಅಲ್ಲಿಗೇ ನಿಂತಿತ್ತು. ನಮ್ಮ ಹೊಸ ಹೆಸರುಗಳನ್ನು ಬರೆದುಕೊಳ್ಳುತ್ತ ಅವನು ಹೇಳಿದ ಮಾತು ಇದು: "ಮುಂಬೈದಾಗ ಹುಟ್ಟಿದವರ ಹೆಸರೆಲ್ಲಾ ಈಗs ಹೇಳಿಬಿಡ್ರಿ. ಅಲ್ಲಿತನಕಾ ನಾ ಬರೂದುಲ್ರಿ." ಈ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಹೆಸರು ಸಿಕ್ಕಿತು. ಆದರೆ ಹೆಸರಿನಿಂದ ಬಾಳು ತಿಳಿಯುವುದಿಲ್ಲ. ಆಗ ದೊಡ್ಡಪ್ಪ ಅಟ್ಟದ ಮೇಲಿನ ಪೆಟ್ಟಿಗೆಯಿಂದ ಒಂದು ಅರಿವೆಯ ಗಂಟನ್ನು ಇಳಿಸಿದರು. ಅದರಲ್ಲಿ ಕಂದಾಯದ ಪಾವತಿಗಳು, ಹತ್ತಿಯ ಲೆಕ್ಕದ ಚೀಟಿಗಳು, ಎರಡು ಖರೀದಿ ಪತ್ರಗಳು ಇದ್ದವು. ನಮ್ಮ ಕಡೆಯ ಹಲವು ಮನೆಗಳಲ್ಲಿ ಇಂಥ ಗಂಟು ಇರುವುದಕ್ಕೆ ಕಾರಣವುಂಟು. ೧೮೧೮ರಲ್ಲಿ ಪೇಶವೆಯರ ರಾಜ್ಯ ಮುಗಿದು ಧಾರವಾಡದ ಸೀಮೆ ಇಂಗ್ಲಿಷರ ಕೈಸೇರಿತು. ಮುಂದೆ ಇನಾಮು ಭೂಮಿಗಳ ವಿಚಾರಣೆ ಹೊರಟು, ೧೮೫೨ರ ಹನ್ನೊಂದನೆಯ ಕಾಯಿದೆಯಿಂದ ಇನಾಂ ಕಮಿಷನ್ನಿಗೆ ಪೂರ್ಣ ಅಧಿಕಾರ ಬಂದಿತು. ಕಾಗದ ತೋರಿಸಲಾರದವನ ಇನಾಮು ಹೋಯಿತು. ಆ ಪೆಟ್ಟಿನಿಂದ ನಮ್ಮ ಸೀಮೆಯ ಜನ, ಇನಾಮು ಇಲ್ಲದ ರೈತರು ಸಹ, ತುಂಡು ಕಾಗದವನ್ನೂ ಬಂಗಾರದಂತೆ ಕಾಪಾಡುವುದನ್ನು ಕಲಿತರು.

ಗಂಟನ್ನು ಬಿಚ್ಚುವುದು ಸುಲಭ, ಓದುವುದು ಕಷ್ಟ. ಹಳೆಯ ಲೆಕ್ಕಗಳು ಮರಾಠಿ ಮೋಡಿಯಲ್ಲಿರುತ್ತವೆ. ಅನಂತರದವು ಕನ್ನಡದಲ್ಲಿದ್ದರೂ ಲೇಖಣಿಯನ್ನು ಎತ್ತದೆ ಓಡಿಸಿದ ಮೋಡಿ ಕನ್ನಡದಲ್ಲಿ. ಹಿಂದೆ ಕುಲಕರ್ಣಿಗಳ ಮನೆಯಲ್ಲಿ ಈ ವಿದ್ಯೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಮುಂಬಯಿ ಸರಕಾರದ ೧೯೫೦ರ ಕಾಯಿದೆಯಿಂದ ಕುಲಕರ್ಣಿ ವತನಗಳು ರದ್ದಾದ ಮೇಲೆ ಆ ಕಲಿಕೆ ನಿಂತುಹೋಯಿತು. ಅಂಥ ಮನೆತನದ ಎಂಬತ್ತು ದಾಟಿದ ಒಬ್ಬ ಹಿರಿಯರು ಮೂರು ದಿನ ನನ್ನನ್ನು ಹತ್ತಿರ ಕೂರಿಸಿಕೊಂಡು ಅಕ್ಷರ ಅಕ್ಷರವಾಗಿ ಓದಿಸಿದರು. ಅವರ ಉಪಕಾರ ದೊಡ್ಡದು.

ಎರಡನೆಯ ತೊಡಕು ತಾರೀಖಿನದು. ಹಳೆಯ ಪತ್ರಗಳಲ್ಲಿ ಶಾಲಿವಾಹನ ಶಕೆ ಇದ್ದರೆ ಅದಕ್ಕೆ ೭೮ ಕೂಡಿಸಬೇಕು; ಫಸಲಿ ಇದ್ದರೆ ೫೯೦ ಕೂಡಿಸಬೇಕು. ವರ್ಷಾರಂಭ ಬೇರೆಯಾದುದರಿಂದ ಒಂದು ವರ್ಷ ಆಚೀಚೆಯಾಗುವುದನ್ನೂ ನೋಡಿಕೊಳ್ಳಬೇಕು. ಬರಿಯ ಸಂವತ್ಸರದ ಹೆಸರಿದ್ದರೆ ಎಚ್ಚರಿಕೆ ಹೆಚ್ಚು ಬೇಕು. ಏಕೆಂದರೆ ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ, ಅಜ್ಜನ ಪತ್ರವು ಮೊಮ್ಮಗನ ಪತ್ರವಾಗಿಬಿಡಬಹುದು.

ಈಗ ಕಾಗದಗಳು ಹೇಳಿದ ಕಥೆಯನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಇಂಗ್ಲಿಷರು ಮುಂಬಯಿ ಪ್ರಾಂತದಲ್ಲಿ ಹೊಲಹೊಲವನ್ನು ಅಳೆದು, ನಂಬರು ಕೊಟ್ಟು, ಯಾರ ಹೆಸರಿಗಿದೆಯೆಂದು ಬರೆದು, ಮೂವತ್ತು ವರ್ಷಗಳಿಗೆ ಆಕಾರ ನಿಗದಿಮಾಡಿದರು. ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಈ ಮೋಜಣಿ ೧೮೪೦ರ ದಶಕದಲ್ಲಿ ಧಾರವಾಡದ ಕಡೆಗೂ ಬಂದಿತು. ಧಾರವಾಡದಲ್ಲಿ ನಾವು 'ಉತಾರ' ಎನ್ನುವುದಕ್ಕೂ ಇಲ್ಲಿ ಕೋಪರ, ಖೈರಣೆ ಊರುಗಳ ಆಗ್ರಿ ಬಂಧುಗಳು 'ಸಾತಬಾರಾ ಉತಾರಾ' ಎನ್ನುವುದಕ್ಕೂ ಮೂಲ ಒಂದೇ. ೧೯೭೦ರಲ್ಲಿ ಸ್ಥಾಪನೆಯಾದ ಸಿಡ್ಕೋ ನಮಗೆ ಮನೆ ಕಟ್ಟಿದ ಈ ನೆಲದ ಅಡಿಯಲ್ಲಿಯೂ ಅಂಥ ಹೊಲದ ನಂಬರುಗಳೇ ಇವೆ. ಇರಲಿ. ಮೊದಲನೆಯ ಮೋಜಣಿಯಲ್ಲಿ ನಮ್ಮ ಅಜ್ಜನ ತಂದೆಯ ಹೆಸರಿನಲ್ಲಿ ನಾಲ್ಕು ಹೊಲಗಳಿದ್ದವು. ಮೂವತ್ತು ವರ್ಷದ ಮೇಲೆ ಆದ ಎರಡನೆಯ ಮೋಜಣಿಯಲ್ಲಿ ಅಜ್ಜನ ಹೆಸರಿನಲ್ಲಿದ್ದುದು ಮೂರು. ಇಲ್ಲಿಗೆ ಮನೆಯವರ ಮಾತು ಸರಿಯೇ ಆಯಿತು: ಒಂದು ಹೊಲ ಹೋಗಿತ್ತು.

ಆದರೆ ಬ್ಯಾಂಕಿನವನಿಗೆ ಆರಂಭದ ಶಿಲ್ಕು, ಕೊನೆಯ ಶಿಲ್ಕು ನೋಡಿ ಲೆಕ್ಕ ಮುಗಿಸುವ ಅಭ್ಯಾಸವಿಲ್ಲ. ನಡುವೆ ಏನು ಜಮೆಯಾಯಿತು, ಏನು ಖರ್ಚಾಯಿತು ನೋಡಲೇಬೇಕು. ಗಂಟಿನಲ್ಲಿದ್ದ ಮೊದಲನೆಯ ಖರೀದಿ ಪತ್ರ ೧೮೬೪ನೆಯ ಇಸವಿಯದು. ಅದರಲ್ಲಿ ನಮ್ಮ ಅಜ್ಜ ಮಾರುವವನಲ್ಲ, ಕೊಳ್ಳುವವನು! ಎರಡು ಹೊಲಗಳನ್ನು ನಗದು ಕೊಟ್ಟು ಕೊಂಡಿದ್ದನು.

ಮೂವತ್ತು ದಾಟಿರದ ರೈತನಿಗೆ ಆ ನಗದು ಎಲ್ಲಿಂದ ಬಂತು? ಹತ್ತಿಯ ಚೀಟಿಗಳು ಉತ್ತರ ಹೇಳಿದವು. ೧೮೬೧ರಿಂದ ೧೮೬೫ರ ವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಿತು. ಹಿಂದುಸ್ತಾನದ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ನವಲಗುಂದ, ಗದಗ, ಹುಬ್ಬಳ್ಳಿಯ ಎರೆಹೊಲದ ಹತ್ತಿ ಎತ್ತಿನ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಬರುತ್ತಿತ್ತು. ಮುಂಬಯಿಯ ಪೇಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂದೇ ಹೆಸರು. ನಾವು ಮುಂಬಯಿಗೆ ಬಂದ ಮೊದಲಿಗರೆಂದು ನಮ್ಮ ಮನೆಯಲ್ಲಿ ತಿಳಿದಿದ್ದೆವು. ನಮಗಿಂತ ನೂರು ವರ್ಷ ಮೊದಲೇ ನಮ್ಮ ಹೊಲದ ಹತ್ತಿ ಇಲ್ಲಿಯ ಬಂದರಿನಲ್ಲಿ ಇಳಿದಿತ್ತು. ೧೮೬೫ರಲ್ಲಿ ಯುದ್ಧ ನಿಂತು ಬೆಲೆ ಕುಸಿದಾಗ ಮುಂಬಯಿಯ ಎಷ್ಟೋ ಸಾಹುಕಾರರು ದಿವಾಳಿಯೆದ್ದರು. ನಮ್ಮ ಅಜ್ಜ ಅಷ್ಟರಲ್ಲಿ ಕೈಗೆ ಬಂದ ಹಣವನ್ನು ಹೊಲಕ್ಕೆ ಹಾಕಿಯಾಗಿತ್ತು. ಜೂಜುಗಾರನು ಮಾಡುವ ಕೆಲಸ ಇದಲ್ಲವೆಂದು ತಾವೂ ಒಪ್ಪುತ್ತೀರಿ.

ಹಾಗಾದರೆ ನಾಲ್ಕಕ್ಕೆ ಎರಡು ಕೂಡಿ ಆರಾದ ಹೊಲಗಳು ಮೂರಾದದ್ದು ಹೇಗೆ? ಎರಡನೆಯ ಖರೀದಿ ಪತ್ರ ಅದನ್ನು ಹೇಳುತ್ತದೆ. ೧೮೬೪ರ ಕಾಯಿದೆಯ ಮೇಲೆ ನೋಂದಣಿ ಕಚೇರಿಗಳು ಆರಂಭವಾಗಿದ್ದುದರಿಂದ ಇದರ ನಕಲು ಸಬ್‌ರಜಿಸ್ಟ್ರಾರರ ಒಂದನೆಯ ಪುಸ್ತಕದಲ್ಲಿಯೂ ಸಿಕ್ಕಿತು. ಆ ಕಚೇರಿಗಳಲ್ಲಿ ಹೆಸರಿನ ಮೇಲೆ ಒಂದು, ಆಸ್ತಿಯ ಮೇಲೆ ಒಂದು, ಹೀಗೆ ಎರಡು ಸೂಚಿಗಳಿರುತ್ತವೆ. ಸಾಲ ಕೊಡುವ ಮುನ್ನ ಬ್ಯಾಂಕಿನವರು ಶೋಧ ಮಾಡಿಸುವುದು ಅವುಗಳಲ್ಲಿಯೇ. ಪತ್ರದ ತಾರೀಖು ಈಶ್ವರ ನಾಮ ಸಂವತ್ಸರದ ಆಷಾಢ, ಅಂದರೆ ೧೮೭೭ರ ಮಳೆಗಾಲ. ಮೂರು ಹೊಲಗಳನ್ನು ಒಟ್ಟಿಗೆ ಮಾರಿದ ಕಾರಣವನ್ನು 'ಕುಟುಂಬದ ಪೋಷಣೆಗಾಗಿ' ಎಂದು ಬರೆದಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಒಂದು ಶಬ್ದಸಮೂಹವನ್ನು ನೋಡಿ ಕಣ್ಣೀರು ಹಾಕಬಾರದು. ಅವಿಭಕ್ತ ಕುಟುಂಬದ ಆಸ್ತಿಯನ್ನು ಯಜಮಾನನು ಮಾರಬೇಕಾದರೆ ಕುಟುಂಬದ ಅವಶ್ಯಕತೆ ಇರಬೇಕೆಂದು ಹಿಂದೂ ಕಾನೂನು ಹೇಳುತ್ತದೆ. ಆದ್ದರಿಂದ ಪತ್ರ ಬರೆಯುವವನು, ಮಾರುವವನು ಕುಡುಕನಿದ್ದರೂ, ಈ ಮಾತನ್ನು ಸೇರಿಸಿಯೇ ಸೇರಿಸುತ್ತಿದ್ದನು. ನಂಬಬೇಕಾದದ್ದು ಬೇರೆ ಎರಡು ಸಂಗತಿಗಳನ್ನು. ಒಂದು, ಬೆಲೆಯ ಒಂದು ಪಾಲನ್ನು ಹಣದಲ್ಲಿ ಕೊಡದೆ ಜೋಳದಲ್ಲಿ ಕೊಟ್ಟುದಾಗಿ ಬರೆದದ್ದು. ಎರಡು, ಆ ಸಂವತ್ಸರ.

ಧಾತು, ಈಶ್ವರ ಸಂವತ್ಸರಗಳ ಬರವೆಂದರೆ ನಮ್ಮ ನಾಡಿನ ಹಿರಿಯರು ಈಗಲೂ ತಲೆಯಾಡಿಸುತ್ತಾರೆ. ೧೮೭೬ರಲ್ಲಿ ಹಿಂಗಾರಿ ಮಳೆ ಕೈಕೊಟ್ಟಿತು. ಎರೆಹೊಲದ ಜೋಳ ಹಿಂಗಾರಿಯನ್ನೇ ನಂಬಿದ ಬೆಳೆ. ೧೮೭೭ರ ಮುಂಗಾರಿಯೂ ಕೊನೆಯ ವರೆಗೆ ಕಾಡಿಸಿತು. ಕಾಮಗಾರಿಗಳಿಗೆ ಹೋದ ಗಂಡಾಳಿಗೆ ದಿನವೊಂದಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದಾಣೆ, ಇಷ್ಟಕ್ಕೆ ಕೂಲಿಯನ್ನು ಇಳಿಸಿದವನು ಸರ್ ರಿಚರ್ಡ್ ಟೆಂಪಲ್. ಅದೇ ವರ್ಷ ಆತ ಮುಂಬಯಿ ಪ್ರಾಂತದ ಗವರ್ನರನಾದನು. ಒಂದು ಪೌಂಡು ಎಂದರೆ ಅರ್ಧ ಕಿಲೋ ಕೂಡ ಅಲ್ಲ. ೧೮೭೨ರ ಖಾನೇಸುಮಾರಿಗೂ ೧೮೮೧ರ ಖಾನೇಸುಮಾರಿಗೂ ನಡುವೆ ಧಾರವಾಡ ಜಿಲ್ಲೆಯೊಂದರಲ್ಲಿಯೇ ಸುಮಾರು ಒಂದು ಲಕ್ಷ ಜನ ಕಡಿಮೆಯಾದರು.

ಈ ಹೊತ್ತಿನಲ್ಲಿ ನಮ್ಮ ಅಜ್ಜ, ತಾನು ಗಳಿಸಿದ ಎರಡು ಹೊಲಗಳನ್ನೂ ತಂದೆಯಿಂದ ಬಂದ ಒಂದನ್ನೂ ಕೊಟ್ಟು ಜೋಳ ತಂದನು. ಎಲ್ಲರೂ ಮಾರುವ ಕಾಲದಲ್ಲಿ ಮಾರಿದವನಿಗೆ ಬೆಲೆ ಏನು ಬಂದೀತು? ಪತ್ರದ ಕೆಳಗೆ ಸಹಿ ಇರಬೇಕಾದ ಜಾಗದಲ್ಲಿ ಒಂದು ನೇಗಿಲಿನ ಚಿತ್ರವಿದೆ. ಅಕ್ಷರ ಬಾರದ ರೈತರು ಆ ಕಾಲದಲ್ಲಿ ನೇಗಿಲನ್ನೇ ನಿಶಾನಿಯಾಗಿ ಬರೆಯುತ್ತಿದ್ದರು. ವ್ಯಾಪಾರಿಗಳು ತಕ್ಕಡಿಯನ್ನು ಬರೆಯುತ್ತಿದ್ದರು. ಹೊಲವನ್ನು ಕೊಟ್ಟ ಕಾಗದಕ್ಕೆ ನೇಗಿಲಿನ ಗುರುತು! ನಾನು ದಿನವೂ ನೂರಾರು ಸಹಿಗಳನ್ನು ನೋಡುವವನು. ಆ ಒಂದು ಸಹಿಯ ಮುಂದೆ ಬಹಳ ಹೊತ್ತು ಕುಳಿತೆ.

ಮನೆಯವರು ಆಡಿಕೊಂಡದ್ದು ಸುಳ್ಳೆಂದು ಹೇಳಲಾರೆ. ಹೊಲವನ್ನು ತಿಂದದ್ದು ನಿಜ. ತಿಂದವನು ಆತನೊಬ್ಬನಲ್ಲ. ಹೆಂಡತಿ ತಿಂದಳು, ಮಕ್ಕಳು ತಿಂದರು. ಹೆಳವನ ಪುಸ್ತಕದಲ್ಲಿ ಎಳೆ ಮುಂದುವರಿದ ಇಬ್ಬರಲ್ಲಿ ಒಬ್ಬನು ಆಗ ಎಂಟೊಂಬತ್ತು ವರ್ಷದ ಹುಡುಗ. ಆ ಹುಡುಗನಿಂದ ನಮ್ಮ ವಂಶ ಬೆಳೆದಿದೆ. ಆ ಜೋಳ ಬಾರದಿದ್ದರೆ ಈ ಹೊತ್ತು ತಮ್ಮ ಮುಂದೆ ನಿಂತು ಮಾತಾಡಲು ನಾನಿರುತ್ತಿರಲಿಲ್ಲ. ನಮ್ಮ ಮನೆಯ ನೆನಪು ಖರ್ಚಿನ ಬದಿಯನ್ನಷ್ಟೇ ಇಟ್ಟುಕೊಂಡು ಜಮೆಯ ಬದಿಯನ್ನು ಕಳೆದುಕೊಂಡ ಲೆಕ್ಕದ ಪುಸ್ತಕದಂತಾಗಿತ್ತು.

ಇನ್ನೊಂದು ಕೊರತೆಯನ್ನು ತಾಯಂದಿರ ಮುಂದೆ ಹೇಳಲೇಬೇಕು. ಹೆಳವನ ಪುಸ್ತಕದಲ್ಲಿ, ಮೋಜಣಿಯಲ್ಲಿ, ಖರೀದಿ ಪತ್ರದಲ್ಲಿ ಆ ಅಜ್ಜನ ಹೆಂಡತಿಯ ಹೆಸರಿಲ್ಲ. ಇದ್ದ ಜೋಳವನ್ನು ಅಳೆದು, ಯಾರಿಗೆ ಎಷ್ಟು ರೊಟ್ಟಿಯೆಂದು ಹಂಚಿದ ಕೈ ಅವಳದೇ ಅಲ್ಲವೇ? ಕೊನೆಗೆ ಅವಳ ಹೆಸರು ಸಿಕ್ಕಿದ್ದು ಪಂಢರಪುರದಲ್ಲಿ. ಪಂಢರಪುರ, ನಾಸಿಕ, ತ್ರ್ಯಂಬಕದಂಥ ಕ್ಷೇತ್ರಗಳಲ್ಲಿ ಉಪಾಧ್ಯಾಯರ ಮನೆಗಳು ಯಾತ್ರಿಕರ ಊರು, ಮನೆತನ, ಜೊತೆಗೆ ಬಂದವರ ಹೆಸರುಗಳನ್ನು ವಹಿಯಲ್ಲಿ ಬರೆದಿಡುತ್ತವೆ. ಬರ ಕಳೆದ ಕೆಲವು ವರ್ಷಗಳ ಮೇಲೆ ಅಜ್ಜ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ವಿಠ್ಠಲನ ದರ್ಶನಕ್ಕೆ ಹೋಗಿದ್ದನು. ನಾಲ್ವರ ಹೆಸರೂ ಒಂದೇ ಸಾಲಿನಲ್ಲಿದ್ದವು. ನಮ್ಮ ತಾಯಿ ಆ ಹೆಸರನ್ನು ಕೇಳಿ, "ಇಷ್ಟು ದಿವಸ ಎಲ್ಲಿದ್ದೆವ್ವಾ" ಎಂದು ಕೈಮುಗಿದರು.

ಇಷ್ಟನ್ನೂ ಕೇಳಿ, 'ಹೊಲವಿದ್ದವರಿಗೆ ಕಾಗದವಿತ್ತು, ಹೊಲವೇ ಇಲ್ಲದ ನಮ್ಮ ಹಿರಿಯರಿಗೆ ಏನಿತ್ತು?' ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದವನಿಗೆ ಖರೀದಿ ಪತ್ರವಿಲ್ಲ. ಅಂಥ ಮನೆಗಳ ಇತಿಹಾಸವು ಮುದುಕಿಯರ ಹಾಡಿನಲ್ಲಿ, ಶಾಲೆಯ ದಾಖಲೆಯ ಪುಸ್ತಕದಲ್ಲಿ, ಪಲ್ಟನ್ನಿನ ಪಟ್ಟಿಯಲ್ಲಿ ಇರುತ್ತದೆ. ಮತ್ತು ನಮ್ಮಲ್ಲಿ ಬಹು ಮಂದಿಯ ಮಟ್ಟಿಗೆ ಮುಂಬಯಿಯಲ್ಲಿಯೇ ಇರುತ್ತದೆ. ಅಜ್ಜನ ಗಿರಣಿಯ ಹಾಜರಿ ಕಾರ್ಡು, ಗೋದಿಯ ಬಿಲ್ಲೆ, ಹೋಟೆಲಿನಲ್ಲಿದ್ದಾಗ ಊರಿಗೆ ಕಳಿಸಿದ ಮನಿಆರ್ಡರಿನ ರಸೀದಿ, ಚಾಳಿನ ಬಾಡಿಗೆ ಚೀಟಿ, ಸಿಡ್ಕೋದ ಹಂಚಿಕೆ ಪತ್ರ, ಇವೆಲ್ಲವೂ ನಾಳಿನ ಕಡತಗಳು. ೧೯೮೨ರ ಜನವರಿಯಲ್ಲಿ ಗಿರಣಿ ಮುಷ್ಕರ ಆರಂಭವಾದ ಮೇಲೆ ಎಷ್ಟು ಮನೆಗಳು ತಾಳಿ, ಓಲೆ ಮಾರಿ ಮಕ್ಕಳನ್ನು ಓದಿಸಿದವು! ಆ ಅಡವಿನ ಚೀಟಿಗಳನ್ನು 'ಇನ್ನೇಕೆ' ಎಂದು ಎಸೆದರೆ, ನಾಳೆ ಮೊಮ್ಮಕ್ಕಳು 'ಅಜ್ಜ ಬಂಗಾರ ತಿಂದ' ಎಂದಾರು.

ವಲಸೆ ಬಂದವರಿಗೆ ಈ ಕೆಲಸ ಆಗದೆಂದು ತಿಳಿಯಬಾರದು. ಇದೇ ಮುಂಬಯಿಯಲ್ಲಿ ಮಾಡಿ ತೋರಿಸಿದವರಿದ್ದಾರೆ. ಮನೆಮಾತು ಕೊಂಕಣಿ, ಓದುಬರಹ ಕನ್ನಡವಾಗಿದ್ದ ಕೆನರಾದ ಚಿತ್ರಾಪುರ ಸಾರಸ್ವತರು ಇಲ್ಲಿಗೆ ನೌಕರಿಗೆ ಬಂದರು. ಅವರಲ್ಲಿ ರಾವ್ ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ೧೯೦೬ರಲ್ಲಿ ಶಾಮರಾವ್ ವಿಠ್ಠಲ ಸಹಕಾರಿ ಸಂಘವನ್ನು ಕಟ್ಟಿದರು. ಗಾಮದೇವಿಯಲ್ಲಿ ಸಹಕಾರಿ ವಸತಿಗೆ ಅಡಿಪಾಯ ಹಾಕಿದರು. ಅಷ್ಟಕ್ಕೇ ನಿಲ್ಲದೆ, ೧೯೩೦ರ ದಶಕದಿಂದ ತಮ್ಮ ಸಮಾಜದ ಮನೆಮನೆಯ ವಂಶಾವಳಿಗಳನ್ನು ಕೂಡಿಸಿ 'ಸಾರಸ್ವತ ಫ್ಯಾಮಿಲೀಸ್' ಎಂಬ ಗ್ರಂಥದ ಭಾಗಗಳನ್ನು ಹೊರತಂದರು. ಹಲವು ವರ್ಷಗಳ ಮೇಲೆ ಫ್ರಾಂಕ್ ಕಾನ್ಲನ್ ಎಂಬ ಅಮೆರಿಕದ ವಿದ್ವಾಂಸರು ಆ ಸಮಾಜದ ಇತಿಹಾಸವನ್ನು ಬರೆದು ೧೯೭೭ರಲ್ಲಿ ಪ್ರಕಟಿಸಿದರು. ಸಾಲದ ಲೆಕ್ಕ, ಮನೆಯ ಲೆಕ್ಕ, ಮನೆತನದ ಲೆಕ್ಕ ಮೂರನ್ನೂ ಒಬ್ಬರೇ ಕೈಗೆತ್ತಿಕೊಂಡದ್ದು ಬ್ಯಾಂಕಿನ ಕಾರಕೂನನಾದ ನನಗೆ ಬಹಳ ಹಿತವೆನಿಸುತ್ತದೆ.

ಮುಂಬಯಿ ನಮಗೆ ಇನ್ನೊಂದು ಅನುಕೂಲವನ್ನೂ ಒದಗಿಸಿದೆ. ೧೯೫೬ರ ನವೆಂಬರ್ ಒಂದರ ವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಜಿಲ್ಲೆಗಳ ರಾಜಧಾನಿ ಈ ಊರೇ ಆಗಿತ್ತು. ಆದ್ದರಿಂದ ಆ ಜಿಲ್ಲೆಗಳಿಂದ ಬಂದ ಪತ್ರವ್ಯವಹಾರದ ಕಡತಗಳು ಕೋಟೆಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಪತ್ರಾಗಾರದಲ್ಲಿವೆ. ಪೇಶವೆ ದಫ್ತರು ಪುಣೆಯಲ್ಲಿದೆ. ಊರಿಗೆ ಹೋದಾಗ ಧಾರವಾಡದಲ್ಲಿ ೧೯೩೯ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯನ್ನೂ ನೋಡಬಹುದು. ಮನಸ್ಸು ಮಾಡಿದರೆ ಒಂದು ರಜೆಯಲ್ಲಿ ಕೆಲಸ ಆರಂಭವಾಗುತ್ತದೆ.

ಕೊನೆಗೆ ಹೆಳವನ ಮಾತಿಗೆ ಬರುತ್ತೇನೆ. ಅವನು ಕೋಪರಖೈರಣೆಗೆ ಬರುವುದಿಲ್ಲ. ನಮ್ಮ ಸೆಕ್ಟರುಗಳಿಗೆ ಅವನ ಎತ್ತಿನ ಗಾಡಿಯ ದಾರಿಯಿಲ್ಲ. ಊರಿನಲ್ಲಿ ಬೀಗ ಹಾಕಿದ ಮನೆಯ ಮುಂದೆ ಅವನು ನಿಲ್ಲುವುದೂ ಇಲ್ಲ. ನಾವು ಬರೆಯದಿದ್ದರೆ ನಮ್ಮ ಪುಟ ಅಲ್ಲಿಗೇ ಮುಗಿಯಿತು. ಆದ್ದರಿಂದ ನನ್ನ ಪ್ರಾರ್ಥನೆ ಇಷ್ಟೇ. ಈ ದೀಪಾವಳಿಗೆ ಲಕ್ಷ್ಮೀಪೂಜೆಗೆಂದು ಹೊಸ ಲೆಕ್ಕದ ಪುಸ್ತಕ ತರುವವರು ಇನ್ನೊಂದನ್ನು ಹೆಚ್ಚಿಗೆ ತನ್ನಿರಿ. ಅದರಲ್ಲಿ ಗಂಡಸರ ಹೆಸರಿನ ಎದುರಿಗೆ ಹೆಂಗಸರ ಹೆಸರನ್ನೂ ಅವರ ತವರೂರನ್ನೂ ಬರೆಯಿರಿ. ಯಾರು, ಯಾವ ವರ್ಷ, ಏನು ಕಾರಣದಿಂದ ಊರು ಬಿಟ್ಟರೆಂದು ಬರೆಯಿರಿ. ಏನನ್ನು ಮಾರಿದರು, ಯಾರಿಗೋಸ್ಕರ ಮಾರಿದರು ಎಂಬುದನ್ನು ತಪ್ಪದೆ ಬರೆಯಿರಿ. ಕನ್ನಡದಲ್ಲಿ ಬರೆಯಿರಿ, ಓದಲಿಕ್ಕಾದರೂ ಮಕ್ಕಳು ಕನ್ನಡ ಕಲಿತಾರು. ಎಂಬತ್ತು ದಾಟ��ದ ಹಿರಿಯರು ಮನೆಯಲ್ಲಿದ್ದರೆ ನಾಳೆಯೇ ಅವರ ಹತ್ತಿರ ಕುಳಿತುಕೊಳ್ಳಿರಿ.

ನಮ್ಮ ಮನೆಯಲ್ಲಿ ಈಗ ಯಾರೂ 'ಹೊಲ ತಿಂದ ಅಜ್ಜ' ಎನ್ನುವುದಿಲ್ಲ. ಆತನನ್ನು ಆತನ ಹೆಸರಿನಿಂದಲೇ ಕರೆಯುತ್ತೇವೆ. ಕಳೆದ ಪಿತೃಪಕ್ಷದಲ್ಲಿ ದಂಪತಿಗಳಿಬ್ಬರ ಹೆಸರನ್ನೂ ಹೇಳಿ ಜೋಳದ ರೊಟ್ಟಿಯ ಎಡೆ ಹಿಡಿದೆವು.